ಬಾಣಂತಿ ಕೋಣೆಗೆ ಎಷ್ಟು ಟನ್?

ಅಡಿಕೆ ಗೊನೆ ಇನ್ನೂ ಮರದ ಮೇಲಿರುವಾಗಲೇ ಕತ್ತೆತ್ತಿ ನೋಡಿ, ಈ ತೋಟದಲ್ಲಿ ಇಷ್ಟು ಕ್ವಿಂಟಲ್ ಇಳಿಯುತ್ತದೆ ಎಂದು ಅಂದಾಜು ಮಾಡಿ ಬೆಳೆ ಕೊಳ್ಳುವುದು ನನ್ನ ಕಸುಬು. ನಮ್ಮ ಕಡೆ ಅದಕ್ಕೆ ಖೇಣಿ ಹಿಡಿಯುವುದು ಎನ್ನುತ್ತಾರೆ. ಭೀಮಸಮುದ್ರದಿಂದ ಹೊಳಲ್ಕೆರೆವರೆಗೆ ನಾನು ಕತ್ತೆತ್ತಿ ನೋಡದ ತೋಟ ಕಮ್ಮಿ. ಕತ್ತು ಈಗ ಹಾಗೇ ನಿಂತುಬಿಟ್ಟಿದೆ. ಮೂಳೆ ಡಾಕ್ಟರು ಸ್ವಲ್ಪ ಕೆಳಗೂ ನೋಡಿ ಎನ್ನುತ್ತಾರೆ, ಅಭ್ಯಾಸವಿಲ್ಲ. ಈ ಕಸುಬಿಗೆ ಎರಡೇ ನಿಯಮ. ಒಂದು, ಬದುವಿನ ಮೇಲೆ ನಿಂತು ಅಂದಾಜು ಮಾಡಬಾರದು, ನಡುತೋಟಕ್ಕೆ ಹೋಗಿ ನೋಡಬೇಕು. ಅಂಚಿನ ಮರಗಳಿಗೆ ಬಿಸಿಲು ಜಾಸ್ತಿ, ಜಂಬವೂ ಜಾಸ್ತಿ. ಎರಡು, ಕಣ್ಣು ಹತ್ತು ಎಂದರೆ ಬಾಯಿ ಏಳು ಎನ್ನಬೇಕು. ಇವೆರಡರಲ್ಲಿ ನೆನಪಿಡಬೇಕಾಗಿದ್ದ ಮೊದಲನೆಯದನ್ನು ಮರೆತು, ಮರೆಯಬೇಕಾಗಿದ್ದ ಎರಡನೆಯದನ್ನು ನೆನಪಿಟ್ಟುಕೊಂಡು ನಾನು ಹೋದ ಬೇಸಿಗೆಯಲ್ಲಿ ಒಂದು ಎಸಿ ಕೊಂಡೆ.

ಕೊಂಡದ್ದು ಮಗಳಿಗಾಗಿ. ನಮಗಿರುವುದು ಒಬ್ಬಳೇ ಮಗಳು, ಹಿರಿಯೂರಿಗೆ ಕೊಟ್ಟಿದ್ದೇವೆ. ಅಲ್ಲೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಯಾರೂ ಬರೆದಿಡದ, ಯಾರೂ ಮೀರದ ಕಾನೂನು. ದಿನ ತುಂಬುವುದು ಏಪ್ರಿಲ್‌ನಲ್ಲಿ. ಏಪ್ರಿಲ್‌ನಲ್ಲಿ ದುರ್ಗದ ಬಂಡೆಗಳು ಹೇಗೆ ಕಾಯುತ್ತವೆಂದು ಇಲ್ಲಿ ಹುಟ್ಟಿ ಬೆಳೆದವಳಿಗೆ ಹೇಳಿಕೊಡಬೇಕಾಗಿಲ್ಲ. ಸೀಮಂತದ ಮಾತು ಬಂದ ದಿನವೇ ಫೋನ್ ಮಾಡಿದಳು.

"ಅಪ್ಪಾಜಿ, ಮೇಲಿನ ಕೋಣೆಯಾಗೆ ಬೇಸಿಗೆಯಾಗೆ ಮೂರು ತಿಂಗಳು ಇರಾಕೆ ನನ್ ಕೈಲಿ ಆಗಲ್ಲ. ಎಸಿ ಹಾಕ್ಸಿದ್ರೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ, ಅತ್ತೆ ಒಪ್ಪಿದಾರೆ."

ಅತ್ತೆ ಒಪ್ಪಿದಾರೆ! ಆ ಎರಡು ಪದಕ್ಕೆ ನನ್ನ ಮೈಯೆಲ್ಲ ಉರಿದುಹೋಯಿತು. ಬೀಗರ ಮನೆಯಲ್ಲಿ ದೇವರ ಕೋಣೆಯೊಂದು ಬಿಟ್ಟು ಎಲ್ಲ ಕೋಣೆಗೂ ಎಸಿ ಇದೆ. ಮಗಳ ಚೊಚ್ಚಲ ಬಾಣಂತನ ಬೀಗರ ಮನೆಯಲ್ಲಿ ಆದರೆ ನಾನು ಹಿರಿಯೂರಿನ ಮೇಲೆ ಹಾದುಹೋಗುವ ಬಸ್ಸಿನಲ್ಲೂ ಕೂರುವಂತಿಲ್ಲ. ಕೆಳಗಿನ ಮನೆ ತಂಪಾಗಿದೆ ನಿಜ, ಆದರೆ ಅಲ್ಲಿ ಅಡಿಕೆ ಮೂಟೆ, ತೂಕದ ಯಂತ್ರ, ಬೆಳಗಿನಿಂದ ಸಂಜೆವರೆಗೆ ಬಂದು ಕೂತು ಎದ್ದು ಹೋಗುವ ಜನ. ಬಾಣಂತಿಯನ್ನು ಮಲಗಿಸಲು ಇರುವುದು ಮೇಲಿನ ಕೋಣೆಯೊಂದೇ. ಎಸಿ ಹಾಕಿಸುವುದೆಂದು ನಿಂತಲ್ಲೇ ತೀರ್ಮಾನ ಮಾಡಿದೆ.

ಅವ್ವನಿಗೆ ಹೇಳಿದೆ. ಎಂಬತ್ತು ದಾಟಿದ ಅವ್ವ, ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಬಾಣಂತಿಗೆ ತಣ್ಣನ್ ಗಾಳಿನಾ? ಯಾರು ಹೇಳಿದ್ರು ನಿಂಗೆ? ಹಸಿ ಮೈಗೆ ಶೀತ ಹೊಕ್ಕರೆ ಸಾಯಾವರೆಗೂ ಬಿಡಲ್ಲ. ಎಳೇ ಕೂಸಿನ ಗತಿ ಏನು? ನಾನಿರಾತನಕ ಅದು ಈ ಮನಿಗೆ ಬರಾಂಗಿಲ್ಲ."

ಇದಕ್ಕೊಂದು ಹಿನ್ನೆಲೆ ಹೇಳಬೇಕು. ನಾನು ಅವ್ವನಿಗೆ ಒಬ್ಬನೇ ಮಗ, ಅಕ್ಕ ತಂಗಿಯರಿಲ್ಲ. ನನ್ನ ಹೆಂಡತಿಯ ಬಾಣಂತನ ಅವಳ ತವರಲ್ಲಿ ಆಯಿತು. ಹೀಗಾಗಿ ಈ ಮನೆಯಲ್ಲಿ ಬಾಣಂತನವೆಂಬುದೇ ನಡೆದಿಲ್ಲ. ಅಕ್ಕಪಕ್ಕದ ಮನೆಗಳ ಬಾಣಂತಿಯರಿಗೆಲ್ಲ ಸಲಹೆ ಕೊಡುತ್ತ ಆಯುಷ್ಯ ಕಳೆದ ಅವ್ವನಿಗೆ ಕೊನೆಗೂ ಸ್ವಂತ ಮನೆಯಲ್ಲಿ ಒಂದು ಅಧಿಕಾರ ಸಿಗುವುದರಲ್ಲಿತ್ತು, ಅದಕ್ಕೇ ಈ ಹಾರಾಟ ಎಂದು ನಾನು ತಿಳಿದೆ. ಇನ್ನೊಬ್ಬರ ಮನಸ್ಸನ್ನೂ ಕಣ್ಣಳತೆಯಲ್ಲೇ ಮುಗಿಸುವ ಚಟ ನನಗೆ.

ಆದರೂ ಅಂಗಡಿಗೆ ಹೋದೆ. ದುರ್ಗದ ಪೇಟೆಯಲ್ಲಿ ಫ್ರಿಜ್ಜು, ವಾಷಿಂಗ್ ಮಷಿನ್ನು ಮಾರುವ ದೊಡ್ಡ ಅಂಗಡಿ. ಮಾಲೀಕ ನನಗಿಂತ ಸ್ವಲ್ಪ ಚಿಕ್ಕವನು, ಪರಿಚಯದವನು. "ಬರ್ರಿ ಸಾವ್ಕಾರ್ರೆ, ಕುಂತ್ಕಳ್ರಿ" ಎಂದು ಕುರ್ಚಿ ಎಳೆದ. ನನ್ನ ಕಷ್ಟ ಕೇಳಿ ನಕ್ಕ. ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ್ದ ಬಿಳಿ ಪೆಟ್ಟಿಗೆಗಳ ಕಡೆ ಕೈತೋರಿಸಿ, ಇವೆಲ್ಲ ಬರೀ ತಂಪು ಕೊಡುವಂಥವು, ಬಿಸಿ ಗಾಳಿಯನ್ನೂ ಕೊಡುವ ಒಂದು ಜಾತಿ ಇದೆ, ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ, ಗುಂಡಿ ಒತ್ತಿದರೆ ಬದಲಾಗುತ್ತದೆ ಎಂದ.

"ಅದು ನಮ್ಮೂರಾಗೆ ಇಟ್ಕೊಂಡಿಲ್ಲ. ಬೆಂಗಳೂರಿಂದ ತರಿಸ್ಬೇಕು. ದುರ್ಗದಾಗೆ ಬಿಸಿ ಗಾಳೀನ ಯಾರು ಕೊಳ್ತಾರೆ ಹೇಳ್ರಿ?"

"ನಾನು ಕೊಳ್ತೀನಿ" ಎಂದೆ. ಇಡೀ ಜಿಲ್ಲೆಗೆ ಪುಕ್ಕಟೆ ಸಿಗುವ ವಸ್ತುವನ್ನು ಬೆಂಗಳೂರಿನಿಂದ ತರಿಸಿದ ಮೊದಲ ಮನುಷ್ಯ ನಾನೇ ಇರಬೇಕು.

ಮನೆಗೆ ಬಂದು ಅವ್ವನಿಗೆ, ಅದು ಬಿಸಿ ಗಾಳಿ ಬಿಡುವ ಯಂತ್ರ ಎಂದೆ. ಮಗಳಿಗೆ ಫೋನಿನಲ್ಲಿ, ಅದು ತಂಪು ಗಾಳಿ ಬಿಡುವ ಯಂತ್ರ ಎಂದೆ. ಎರಡೂ ಸುಳ್ಳಲ್ಲ. ಅವ್ವ "ಹಂಗಾದ್ರೆ ಇರ್ಲಿ ಬಿಡು" ಎಂದಳು, ಮಗಳು "ಸರಿ, ಬರ್ತೀನಿ" ಎಂದಳು. ಒಂದೇ ಯಂತ್ರವನ್ನು ಇಬ್ಬರಿಗೆ ಎರಡು ಯಂತ್ರವಾಗಿ ಮಾರಿದ ಹೆಮ್ಮೆಯಲ್ಲಿ ನಾನು ಅವತ್ತು ಎರಡು ಮುದ್ದೆ ಜಾಸ್ತಿ ಉಂಡೆ.

ಇನ್ನು ಅಳತೆಯ ಮಾತು. ಕೋಣೆಗೆ ಎಷ್ಟು ದೊಡ್ಡ ಯಂತ್ರ ಬೇಕೆಂಬುದನ್ನು ಟನ್ನಿನಲ್ಲಿ ಹೇಳುತ್ತಾರೆ. ಅಂಗಡಿಯವನು ರಟ್ಟಿನ ತುಂಡೊಂದನ್ನು ತೆಗೆದುಕೊಂಡು ಪೊಲೀಸರ ಹಾಗೆ ಪ್ರಶ್ನೆ ಶುರು ಮಾಡಿದ. ಉದ್ದ ಅಗಲ ಎಷ್ಟು? ಹತ್ತಕ್ಕೆ ಹದಿನಾಲ್ಕು ಅಡಿ. ಮೇಲೆ ಇನ್ನೊಂದು ಅಂತಸ್ತು ಇದೆಯಾ? ಇಲ್ಲ, ಮೇಲೆ ಬರೀ ಆಕಾಶ. ಪಶ್ಚಿಮದ ಗೋಡೆಗೆ ನೆರಳು? ಒಂದು ಗಿಡವೂ ಇಲ್ಲ. ಕಿಟಕಿ? ಒಂದು. ಎಷ್ಟು ಜನ ಮಲಗುತ್ತಾರೆ?

"ಎರಡೂವರೆ" ಎಂದೆ. ಮಗಳು, ಅವ್ವ, ಮತ್ತು ಬರಲಿರುವ ಅರ್ಧ.

"ಕೋಣೆ ಒಳಗೆ ಕಾವು ಬರಾಂಥ ಸಾಮಾನು ಏನಾರ ಇಡ್ತೀರಾ? ಟಿವಿ, ಕಂಪ್ಯೂಟರ್, ಒಲೆ ಗಿಲೆ?"

ನನಗೆ ಸಿಟ್ಟು ಬಂತು. "ಏನ್ರಿ, ಬಾಣಂತಿ ಕೋಣೆಯಾಗೆ ಒಲೆ ಹಚ್ಚಾಕೆ ನಮಗೇನು ತಲೆ ಕೆಟ್ಟೈತಾ?"

"ಕಂಪನಿಯೋರು ಕೇಳ್ರಿ ಅಂತಾರೆ, ಕೇಳ್ದೆ ಸಾವ್ಕಾರ್ರೆ" ಎಂದು ಪಾಪ ರಟ್ಟಿನ ಮೇಲೆ ಆ ಪ್ರಶ್ನೆಯ ಮುಂದೆ ಸೊನ್ನೆ ಬರೆದ. ಆಮೇಲೆ ಪೆನ್ನಿನ ತುದಿಯಿಂದ ತಲೆ ಕೆರೆದುಕೊಂಡು ಹೇಳಿದ. "ಈ ಅಳತೆ ಕೋಣೆಗೆ ಒಂದು ಟನ್ನು ಸಾಕು. ಆದ್ರೆ ತಾರಸಿ ಇಡೀ ದಿನ ಕಾಯ್ತೈತೆ, ಪಶ್ಚಿಮದ ಗೋಡೆ ಬೇರೆ. ಒಂದೂವರೆ ಹಾಕ್ಸಿ."

ಒಂದೂವರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತಾನಾಗಿಯೇ "ಒಂದು ಮಾಡ್ರಿ" ಎಂದಿತು.

"ಹಂಗಲ್ಲ ಸಾವ್ಕಾರ್ರೆ, ಇದು ರೇಟಲ್ಲ, ಟನ್ನು."

"ಗೊತ್ತೈತೆ. ಒಂದೂಕಾಲು?"

"ಒಂದೂಕಾಲು ಇದ್ರಾಗೆ ಬರಲ್ರಿ."

"ಬರಲ್ಲ ಅಂದ್ಮೇಲೆ ಒಂದಕ್ಕೆ ಬನ್ನಿ. ನನ್ ಕಣ್ಣಿಗೆ ಆ ಕೋಣೆ ಒಂದರ ಮೇಲೆ ಕಾಣಲ್ಲ."

ನಿಜವಾಗಿ ನನ್ನ ಕಣ್ಣಿಗೆ ಏನೂ ಕಂಡಿರಲಿಲ್ಲ. ಜೀವಮಾನವೆಲ್ಲ ಎದುರಿನವನು ಹೇಳಿದ್ದರಲ್ಲಿ ಮೂರನೇ ಒಂದು ಪಾಲು ಕತ್ತರಿಸಿ ಅಭ್ಯಾಸವಾದ ಬಾಯಿ ತನ್ನ ಕೆಲಸ ಮಾಡಿತ್ತು. ಅಂಗಡಿಯವನು ಸೋತು ಒಂದು ಟನ್ನು ಬರೆದುಕೊಂಡ. ಗೆದ್ದ ಖುಷಿಯಲ್ಲಿ ನಾನು ಅವನಿಗೇ ಚಹಾ ಕುಡಿಸಿ ಬಂದೆ.

ಯಂತ್ರ ಬಂತು, ಗೋಡೆಗೇರಿತು. ಅದರ ಹೊರಗಿನ ಪೆಟ್ಟಿಗೆ, ಬಿಸಿ ಗಾಳಿ ಉಗುಳುವಂಥದ್ದು, ಕೋಣೆಯ ಬಾಗಿಲ ಮುಂದಿನ ಬಯಲು ತಾರಸಿಯ ಮೇಲೆ ಕೂತಿತು. ತಂಪು ಸೋರಬಾರದೆಂದು ಕಿಟಕಿಯ ಸಂದುಗಳನ್ನು ಮುಚ್ಚಿ ಎಂದಿದ್ದರು. ನಾನೇ ಏಣಿ ಹಾಕಿಕೊಂಡು ಹತ್ತಿ ಹಳೆ ಪೇಪರು ತುರುಕಿ, ಮೇಲೆ ಅಂಟುಪಟ್ಟಿ ಹಚ್ಚಿ, ಒಂದು ಇರುವೆಯೂ ನುಸುಳದ ಹಾಗೆ ಮಾಡಿದೆ. ಈ ಇರುವೆಯ ಮಾತನ್ನು ಅವತ್ತು ಬಂದವರಿಗೆಲ್ಲ ಹೇಳಿದೆ. ಈಗ ಯಾರ ಮುಂದೆಯೂ ಅದನ್ನು ಎತ್ತುವುದಿಲ್ಲ.

ಮಗಳು ಬಂದಳು. ಹೆರಿಗೆ ಆಸ್ಪತ್ರೆಯಲ್ಲಿ ಸಸೂತ್ರವಾಗಿ ಆಯಿತು, ಹೆಣ್ಣು ಮಗು. ಐದನೇ ದಿನ ತಾಯಿ ಮಗು ಇಬ್ಬರೂ ಮೇಲಿನ ಕೋಣೆ ಸೇರಿದರು. ಅಲ್ಲಿಂದ ಮುಂದಿನದು ಹೆಂಗಸರ ರಾಜ್ಯ. ಸೂತಕ ಗೀತಕ ನಮ್ಮ ಧರ್ಮದಲ್ಲಿ ಇಲ್ಲವೆಂದು ನಾವು ಮಠಕ್ಕೆ ಹೋದಾಗಲೆಲ್ಲ ಕೇಳಿ, ಹೌದೆಂದು ತಲೆಯಾಡಿಸಿ ಬರುತ್ತೇವೆ. ಮನೆಯಲ್ಲಿ ಅದಕ್ಕೆ ಸೂತಕ ಎನ್ನುವುದಿಲ್ಲ, "ಗಂಡಸರಿಗೆ ಅಲ್ಲೇನು ಕೆಲಸ?" ಎನ್ನುತ್ತಾರೆ. ನಾನು ದಿನಕ್ಕೆರಡು ಸಲ ಮೆಟ್ಟಿಲು ಹತ್ತಿ, ಹೊಸ್ತಿಲ ಹೊರಗೆ ನಿಂತು, ಅವ್ವ ಎತ್ತಿ ತೋರಿಸುವ ಬಟ್ಟೆ ಗಂಟಿನಲ್ಲಿ ಮೂಗೊಂದನ್ನು ನೋಡಿ, ಕೆಳಗಿಳಿದು ಬರುತ್ತಿದ್ದೆ.

ಮೊದಲ ವಾರ ಕಳೆಯುವಷ್ಟರಲ್ಲಿ ಮಗಳು ಹೊಸ್ತಿಲ ಕಡೆ ಮುಖ ಮಾಡಿ "ಅಪ್ಪಾಜಿ, ಸೆಕೆ ತಡ್ಯಾಕಾಗ್ತಿಲ್ಲ" ಎಂದಳು. ತಲೆಗೆ ಬಿಗಿದ ಬಟ್ಟೆ, ಕಿವಿಗೆ ಹತ್ತಿ, ಮುಖ ಬೆಂದ ಹಾಗೆ ಕೆಂಪು.

"ರಿಮೋಟ್‌ನಾಗೆ ಎಷ್ಟೈತೆ?" ಎಂದೆ.

"ಇಪ್ಪತ್ನಾಲ್ಕು."

"ಇಪ್ಪತ್ತೆರಡು ಮಾಡ್ಕ."

ಮರುದಿನ ಇಪ್ಪತ್ತು ಮಾಡ್ಕ ಎಂದೆ. ಅದರ ಮರುದಿನ ಹದಿನೆಂಟು. ಅದಕ್ಕಿಂತ ಕೆಳಗೆ ಹೋದರೂ ಕೋಣೆ ಮಾತ್ರ ಬಾಣಲೆಯಂತೆಯೇ ಇತ್ತು. ಅದು ಬಿಸಿ ಗಾಳಿಯ ಯಂತ್ರವೆಂದು ಅವ್ವ ನಂಬಿಕೊಂಡೇ ಇದ್ದದ್ದೂ ಅದರಿಂದಲೇ. ಯಂತ್ರ ಒಂದು ಕ್ಷಣ ಬಿಡುವಿಲ್ಲದೆ ಗುಂಯ್ ಎನ್ನುತ್ತಿತ್ತು. ತಾರಸಿಯ ಪೆಟ್ಟಿಗೆಯಿಂದ ಹೊರಬರುವ ಬಿಸಿ ಗಾಳಿಯನ್ನು ದಂಡ ಮಾಡಬಾರದೆಂದು ನನ್ನ ಹೆಂಡತಿ ಅದರ ಮುಂದೆ ಹಗ್ಗ ಕಟ್ಟಿ ಮಗುವಿನ ಬಟ್ಟೆ ಒಣಹಾಕಿದಳು. ಪಕ್ಕದಲ್ಲಿ ಮೊರದ ತುಂಬ ಸಂಡಿಗೆ. ಅಷ್ಟು ದೂರದಿಂದ ತರಿಸಿದ ಯಂತ್ರದಿಂದ ಆ ವಾರ ನಮ್ಮ ಮನೆಯಲ್ಲಿ ಸುಖಪಟ್ಟದ್ದು ಸಂಡಿಗೆಯೊಂದೇ.

ಆಮೇಲೆ ತಲೆನೋವು ಶುರುವಾಯಿತು. ಬೆಳಿಗ್ಗೆ ಏಳುವಾಗಲೇ ತಲೆ ಒಡೆದುಹೋಗುತ್ತದೆ, ಹೊಟ್ಟೆ ತೊಳಸುತ್ತದೆ, ಮಗುವನ್ನು ಎತ್ತಿಕೊಂಡರೆ ಕೈ ಸೋಲುತ್ತದೆ ಎಂದಳು. ನೆಟ್ಟಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಆದರೆ ಅವ್ವ, "ಆ ಮಿಷನ್ ಗಾಳಿ ತಲೆಗೆ ಹೊಕ್ಕೈತೆ, ಇನ್ನೇನು?" ಎಂದು ತಲೆಬಟ್ಟೆ ಇನ್ನಷ್ಟು ಬಿಗಿದಳು, ಬಾಗಿಲ ಕೆಳಗಿನ ಸಂದಿಗೂ ಗೋಣಿಚೀಲ ಒತ್ತಿದಳು. ನನ್ನ ಹೆಂಡತಿ "ಮೊದಲನೇ ಹೆರಿಗೆ, ಹಂಗೇ ಇರ್ತೈತೆ" ಎಂದಳು. ನಾನು ಇಬ್ಬರ ಮಾತೂ ಕೇಳಿಸದವನಂತೆ ಒಳಗೊಳಗೇ ಆ ಅರ್ಧ ಟನ್ನಿನ ಲೆಕ್ಕ ಹಾಕುತ್ತಿದ್ದೆ. ಹೇಳಿಬಿಡುತ್ತೇನೆ, ನನಗಾಗ ಮಗಳ ತಲೆನೋವಿಗಿಂತ, ಒಂದೂವರೆ ಎಂದವನ ಮುಂದೆ ನನ್ನ ಅಂದಾಜು ತಪ್ಪಾಗುತ್ತದಲ್ಲ ಎಂಬುದೇ ಹೆಚ್ಚು ನೋಯುತ್ತಿತ್ತು. ಅಂಗಡಿಗೆ ಫೋನ್ ಮಾಡುವುದನ್ನು ಇದೇ ಕಾರಣಕ್ಕೆ ಮೂರು ದಿನ ಮುಂದೂಡಿದೆ.

ನಾಲ್ಕನೇ ದಿನ ಬೆಳಿಗ್ಗೆ ಮಗಳು ಗಂಡನಿಗೆ ಕಾರು ತರಲು ಹೇಳಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಳೆಂದು ಹೆಂಡತಿ ಅಳುತ್ತ ಕೆಳಗೆ ಬಂದಳು. ಆಗ ಫೋನ್ ಮಾಡಿದೆ. ಯಂತ್ರ ಕೂರಿಸಿದ್ದ ಮೆಕ್ಯಾನಿಕ್ಕೇ ಬಂದ. ಐವತ್ತು ದಾಟಿದ, ಗಡ್ಡ ನರೆತ ಮನುಷ್ಯ. ಫ್ರಿಜ್ಜು, ಎಸಿ ರಿಪೇರಿಯಲ್ಲೇ ಬೆರಳೆಲ್ಲ ಗಟ್ಟಿಯಾಗಿದ್ದವು. ಮೊದಲು ತಾರಸಿಗೆ ಹೋಗಿ, ಪೆಟ್ಟಿಗೆಯ ಮುಂದಿದ್ದ ಬಟ್ಟೆ, ಸಂಡಿಗೆ ಎಲ್ಲ ಎತ್ತಿ ಬದಿಗಿಟ್ಟು, "ಇದ್ರ ಮೂಗು ಮುಚ್ಚಿದ್ರೆ ಇದು ಹೆಂಗೆ ಉಸಿರಾಡ್ಬೇಕು?" ಎಂದ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ತಪ್ಪು ಸಂಡಿಗೆಯದ್ದೆಂದು ಅಲ್ಲೇ ತೀರ್ಪು ಕೊಟ್ಟುಬಿಟ್ಟೆ.

"ತಡೀರಿ ಸಾವ್ಕಾರ್ರೆ, ಒಳಗೆ ನೋಡಾಣ" ಎಂದ.

ಅವನನ್ನು ಒಳಗೆ ಬಿಡಲು ಅವ್ವ ಒಪ್ಪಲಿಲ್ಲ. ಮಗಳು "ಬರ್ಲಿ ಬಿಡಜ್ಜಿ!" ಎಂದು ಕಿರುಚಿದಳು. ಮೆಕ್ಯಾನಿಕ್ಕು ಚಪ್ಪಲಿ ಬಿಟ್ಟು ಒಳಗೆ ಹೋದ. ನಾನು ಎಂದಿನಂತೆ ಹೊಸ್ತಿಲ ಹೊರಗೆ. ಅವನು ಯಂತ್ರದ ಬಾಯಿಗೆ ಕೈಯೊಡ್ಡಿ ನೋಡಿದ. "ಗಾಳಿ ಮಂಜುಗಡ್ಡೆ ಥರ ಬರ್ತೈತೆ, ಮಿಷನ್‌ದೇನೂ ತಪ್ಪಿಲ್ಲ" ಎಂದ. ಆಮೇಲೆ ಗೋಡೆ ಮುಟ್ಟಿದ, ಮಂಚದ ಕಡೆ ಬಗ್ಗಿದ. ಮಂಚದ ಸುತ್ತ ಅವ್ವನ ಹಳೇ ಸೀರೆಯೊಂದು ನೆಲದವರೆಗೆ ಇಳಿಬಿದ್ದಿತ್ತು. ಅದನ್ನೆತ್ತಿದ.

"ಯಾ ಅಲ್ಲಾ!" ಎಂದವನೇ ಎದ್ದು ಹೋಗಿ ಎರಡೂ ಕೈಯಿಂದ ಕಿಟಕಿ ಗುದ್ದಿದ. ಅಂಟುಪಟ್ಟಿ ಹರಿಯಿತು, ಪೇಪರು ಉದುರಿತು. "ಅಮ್ಮಾ, ಕೂಸಿನ್ನ ಎತ್ಕೊಂಡು ಹೊರಗೆ ಬರ್ರಿ, ಎಲ್ರೂ ಹೊರಗೆ ಬರ್ರಿ!"

ಆಗ ನಾನು ಹೊಸ್ತಿಲು ದಾಟಿದೆ. ಮಂಚದ ಕೆಳಗೆ ಕಬ್ಬಿಣದ ಬಾಂಡ್ಲಿ, ಅದರ ತುಂಬ ತೆಂಗಿನ ಚಿಪ್ಪಿನ ಕೆಂಡ, ನಿಗಿನಿಗಿ ಉರಿಯುತ್ತಿತ್ತು. ಮಗುವನ್ನು ಎತ್ತಿಕೊಂಡದ್ದು ನಾನೇ. ಹುಟ್ಟಿದ ಮೇಲೆ ಮೊದಲ ಸಲ ನಾನು ಅದನ್ನು ಮುಟ್ಟಿದ್ದು ಹಾಗೆ, ಓಡುತ್ತ.

ಎಲ್ಲರೂ ತಾರಸಿಯ ನೀರಿನ ತೊಟ್ಟಿಯ ನೆರಳಿಗೆ ಬಂದು ಕೂತೆವು. ಮೆಕ್ಯಾನಿಕ್ಕು ಬಾಂಡ್ಲಿಯನ್ನು ಹೊರಗೆ ತಂದು ನೀರು ಸುರಿದ. "ಗಾಳಿ ಆಡದ ಕೋಣೆಯಾಗೆ ಕೆಂಡ ಇಟ್ರೆ ಹೊಗೆ ಕಾಣದಿದ್ರೂ ವಿಷ ಆಗ್ತೈತೆ ಸಾವ್ಕಾರ್ರೆ. ಮಲಗಿದೋರು ಮಲಗಿದಂಗೇ ಹೋಗಿಬಿಡ್ತಾರೆ. ತಲೆನೋವು ಬಂದೈತೆ ಅಂದ್ರಲ್ಲ, ಅದು ಇದ್ರದ್ದೇ. ಕಿಟಕಿ ಹಂಗೆ ಮೆತ್ತಿದ್ಯಾರು?"

ಇರುವೆಯ ಮಾತು ನೆನಪಾಯಿತು. ಮೊದಲಿನ ಹಾಗೆ ಕಿಟಕಿ ತೆರೆದಿದ್ದರೆ ಆ ಕೆಂಡದಿಂದ ಸೆಕೆಯಷ್ಟೇ ಆಗುತ್ತಿತ್ತು. ಅದನ್ನು ವಿಷ ಮಾಡಿದ್ದು ನನ್ನ ಎಸಿ, ನನ್ನ ಏಣಿ, ನನ್ನ ಅಂಟುಪಟ್ಟಿ.

ಆದರೂ ಬಾಯಿಗೆ ಮೊದಲು ಬಂದದ್ದು ಬೈಗುಳವೇ. ಹೆಂಡತಿಗೆ, "ಕೆಂಡ ಇಟ್ಟೀವಿ ಅಂತ ನಂಗೊಂದು ಮಾತು ಹೇಳಾಕೆ ಏನಾಗಿತ್ತು ನಿಂಗೆ?" ಎಂದೆ.

"ಏನ್ರೀ ಹೇಳಾದು? ಬಾಣಂತಿ ಮಂಚದ ಕೆಳಗೆ ಕೆಂಡ ಇರ್ತೈತೆ ಅನ್ನಾದು ಹೇಳೋ ಮಾತಾ? ಅನ್ನಕ್ಕೆ ಅಕ್ಕಿ ಹಾಕೀವಿ ಅಂತ ದಿನಾ ಹೇಳ್ತೀನಾ?"

ಮಗಳ ಕಡೆ ತಿರುಗಿದೆ. "ನೀನಾದ್ರೂ ಹೇಳ್ಬಾರ್ದಾಗಿತ್ತಾ? ಓದಿದೋಳು ನೀನು."

ಅವಳು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. "ತೆಗೀರಿ ಅಂತ ಅಜ್ಜಿಗೆ ಎರಡು ಸಲ ಹೇಳ್ದೆ. ಅಜ್ಜಿ ಅತ್ತುಬಿಟ್ಲು. ಕಿಟಕಿ ನೀವು ಮೆತ್ತಿದ್ದು ತಿಳೀಲಿಲ್ಲ, ಪರದೆ ಇತ್ತಲ್ಲ. ಸೆಕೆ ಅಂತ ನಿಮಗೆ ದಿನಾ ಹೇಳ್ದೆ ಅಪ್ಪಾಜಿ. ನೀವು ದಿನಾ ರಿಮೋಟ್‌ನಾಗೆ ಎಷ್ಟೈತೆ ಅಂತ ಕೇಳಿದ್ರಿ. ಒಂದು ದಿನಾನಾದ್ರೂ ಒಳಗೆ ಬಂದು ನೋಡಿದ್ರಾ?"

ನಡುತೋಟಕ್ಕೆ ಹೋಗದೆ ಬದುವಿನ ಮೇಲೆ ನಿಂತು ಖೇಣಿ ಮಾತಾಡುವವರನ್ನು ಕಂಡರೆ ನಾನು ನಗುತ್ತಿದ್ದೆ. ಉಳಿದ ಸಿಟ್ಟನ್ನೆಲ್ಲ ಅವ್ವನ ಮೇಲೆ ತೀರಿಸಿಕೊಳ್ಳೋಣವೆಂದು ತಿರುಗಿದೆ. ಅವ್ವ ನೆಲಕ್ಕೆ ಕೂತು, ನೀರು ಬಿದ್ದು ಕಪ್ಪಾದ ಕೆಂಡವನ್ನೇ ನೋಡುತ್ತಿದ್ದಳು.

"ಆರಿಸಿಬಿಟ್ರಾ" ಎಂದಳು. ಬೇರೆ ಯಾರಿಗೋ ಹೇಳಿದ ಹಾಗಿತ್ತು. "ಇದು ಆರ್ಬಾರ್ದು ಕಣಪ್ಪ. ಅವತ್ತೂ ಹಿಂಗೇ ಆರಿತ್ತು."

"ಯಾವತ್ತು?"

"ನಿನಗಿಂತ ಮುಂಚೆ ಒಂದಿತ್ತು. ಹೆಣ್ಣು ಕೂಸು. ಬಾಗೂರಾಗೆ, ನನ್ ತವರಾಗೆ. ಜಡಿ ಮಳೆ ಹಿಡಿದಿತ್ತು, ಕಟ್ಟಿಗೆ ಎಲ್ಲ ಹಸಿ. ನಮ್ಮವ್ವ ಕೆಂಡ ಆರದಂಗೆ ನೋಡ್ಕ ಅಂದು ಮಲಗಿದ್ಲು. ನಂಗೆ ನಿದ್ದೆ ಹತ್ತಿಬಿಡ್ತು. ಬೆಳಕಾದ್ಮೇಲೆ ನೋಡಿದ್ರೆ ಬಾಂಡ್ಲಿಯಾಗೆ ಬರೀ ಬೂದಿ. ಕೂಸಿನ ಅಂಗಾಲು ಮುಟ್ಟಿದೆ, ತಣ್ಣಗಿತ್ತು. ಒಂಬತ್ತು ದಿನ ಇತ್ತು ಅಷ್ಟೆ. ತೊಟ್ಟಿಲಿಗೂ ಹಾಕಿರಲಿಲ್ಲ, ಹೆಸರೂ ಇಟ್ಟಿರಲಿಲ್ಲ."

ಅರವತ್ತು ದಾಟಿದ ಮೇಲೆ, ತಾರಸಿಯ ಮೇಲೆ ಕೂತು, ನಾನು ಚೊಚ್ಚಲ ಮಗನಲ್ಲ ಎಂಬುದು ನನಗೆ ಗೊತ್ತಾಯಿತು. ಹೆಸರಿಡದೆ ಹೋದದ್ದರ ಬಗ್ಗೆ ನಮ್ಮಲ್ಲಿ ಮಾತಾಡುವುದಿಲ್ಲ. ಅಪ್ಪ ಸಾಯುವವರೆಗೂ ಒಂದು ಮಾತು ಆಡಿರಲಿಲ್ಲ. ಅಧಿಕಾರಕ್ಕಾಗಿ ಹಾರಾಡುತ್ತಾಳೆ ಎಂದು ನಾನು ಅಂದಾಜು ಮಾಡಿದ್ದ ಅವ್ವ, ಹದಿನೈದು ದಿನದಿಂದ ಕೂತಲ್ಲೇ ತೂಕಡಿಸುತ್ತ ಆ ಬಾಂಡ್ಲಿ ಕಾಯ್ದಿದ್ದಳು. ನನಗೆ ಅಳು ಬಂತು. ಮೆಕ್ಯಾನಿಕ್ಕಿನ ಮುಂದೆ ಅಳಬಾರದೆಂದು ಪಶ್ಚಿಮದ ಗೋಡೆ ನೋಡುವ ನೆಪ ಮಾಡಿ ಆ ಕಡೆ ಹೋದೆ.

ಅಳಿಯ ಕಾರು ತಂದಾಗ ಮೊದಲು ಹೋದದ್ದು ಆಸ್ಪತ್ರೆಗೆ. ತಾಯಿ ಮಗು ಇಬ್ಬರನ್ನೂ ಪರೀಕ್ಷೆ ಮಾಡಿ, ದೇವರು ದೊಡ್ಡವನು, ಇನ್ನು ಆ ಕೆಂಡವನ್ನು ಹತ್ತಿರಕ್ಕೂ ತರಬೇಡಿ ಎಂದು ಡಾಕ್ಟರಮ್ಮ ಬೈದು ಕಳಿಸಿದರು. ಆಸ್ಪತ್ರೆಯ ಗೇಟಿನಲ್ಲಿ ಕಾರು ಎಡಕ್ಕೆ ಹಿರಿಯೂರಿಗೆ ತಿರುಗಬೇಕೋ ಬಲಕ್ಕೆ ನಮ್ಮ ಮನೆಗೋ ಎಂದು ಅಳಿಯ ಹಿಂದಕ್ಕೆ ನೋಡಿದ. ಮುಂದೆ ಕೂತಿದ್ದ ನಾನೂ ನೋಡಿದೆ. ಮಗಳು ಕೂಸಿನ ಬಟ್ಟೆ ಸರಿಮಾಡುತ್ತ, "ಮನೆಗೇ ನಡೀರಿ. ಅಜ್ಜಿ ಅಲ್ಲೇ ಕುಂತಿರ್ತಾಳೆ" ಎಂದಳು. ಅಪ್ಪಾಜಿಗೋಸ್ಕರ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮೆಕ್ಯಾನಿಕ್ಕು ಮರುದಿನ ಮತ್ತೆ ಬಂದ, ಕರೆಯದೆಯೇ. ಕೆಂಡ ತೆಗೆದ ಮೇಲೂ ಮಧ್ಯಾಹ್ನ ಮೂರರ ಹೊತ್ತಿಗೆ ಯಂತ್ರ ಏದುಸಿರು ಬಿಡುತ್ತಿತ್ತು. "ಒಂದೂವರೆನೇ ಬೇಕಾಗಿತ್ತು" ಎಂದ. ಹೌದು ಎಂದೆ. ಜೀವನದಲ್ಲಿ ಅಷ್ಟು ಸುಲಭವಾಗಿ ನಾನು ಯಾವ ಮಾತೂ ಒಪ್ಪಿಲ್ಲ. ಕೋಣೆಯ ಮೇಲಿನ ತಾರಸಿಗೆ ದಪ್ಪಗೆ ಸುಣ್ಣ ಬಳಿಯಲು, ಪಶ್ಚಿಮದ ಗೋಡೆಗೆ ತೆಂಗಿನ ಗರಿಯ ತಡಿಕೆ ಕಟ್ಟಲು ಹೇಳಿದ. ಎರಡನ್ನೂ ನಾನೇ ಮಾಡಿದೆ. ಆಮೇಲೆ ಅವನು ಅವ್ವನ ಎದುರು ನೆಲಕ್ಕೆ ಕೂತು, ಕೂಸಿಗೆ ಹೇಳುವ ಹಾಗೆ ಹೇಳಿದ.

"ಅಜ್ಜೀ, ಈ ಮಿಷನ್ನು ತಂಪೂ ಹುಟ್ಸಲ್ಲ, ಬಿಸೀನೂ ಹುಟ್ಸಲ್ಲ. ಬರೀ ಹೊರ್ತೈತೆ, ಹಮಾಲಿ ಇದ್ದಂಗೆ. ಬೇಸಿಗೆಯಾಗೆ ಒಳಗಿನ ಬಿಸಿ ಹೊತ್ಕೊಂಡೋಗಿ ಹೊರಗೆ ಹಾಕ್ತೈತೆ. ಚಳಿಯಾಗೆ ಹೊರಗಿನ ಬಿಸಿ ತಂದು ಒಳಗೆ ಹಾಕ್ತೈತೆ."

"ಹೊರಗೇ ಚಳಿ ಇದ್ರೆ ಬಿಸಿ ಎಲ್ಲಿಂದ ತರ್ತೈತಪ್ಪ?"

"ಚಳಿಯಾಗೂ ಒಂದೀಟು ಬಿಸಿ ಇರ್ತೈತಜ್ಜಿ. ನಮ್ ಮೈಗೆ ಗೊತ್ತಾಗಲ್ಲ, ಇದಕ್ಕೆ ಗೊತ್ತಾಗ್ತೈತೆ."

ಅವ್ವ ಬಹಳ ಹೊತ್ತು ಆ ಬಿಳಿ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಒಂದು ಷರತ್ತು ಹಾಕಿದಳು. ರಿಮೋಟು ಮಗಳ ಕೈಯಲ್ಲಿರಲಿ, ಆದರೆ ಕೂಸಿನ ಅಂಗಾಲು ತನ್ನ ಕೈಯಲ್ಲಿರಬೇಕು. ಅವತ್ತಿನಿಂದ ಅವ್ವ ಮಂಚದ ಪಕ್ಕ ಕೂತು, ಬಟ್ಟೆಯೊಳಗೆ ಕೈ ತೂರಿಸಿ ಅಂಗಾಲು ಹಿಡಿದುಕೊಂಡೇ ಇರುತ್ತಿದ್ದಳು. "ಎರಡು ಏರ್ಸು", "ಒಂದು ಇಳ್ಸು" ಎನ್ನುತ್ತಿದ್ದಳು. ಅವಳು ನಿಲ್ಲಿಸಿದ ಕಡೆ ನೋಡಿದರೆ ಸಾಮಾನ್ಯವಾಗಿ ಇಪ್ಪತ್ತೇಳು ಇರುತ್ತಿತ್ತು. ಮಗಳಿಗೂ ಅದು ಹಿತವಾಗಿತ್ತು, ತಲೆಬಟ್ಟೆ ಬಿಚ್ಚಿ ಮಲಗುತ್ತಿದ್ದಳು.

ನಾನು ಈಗ ಹೊಸ್ತಿಲ ಒಳಗೆ, ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಮಗಳು ನಿದ್ದೆ ಮಾಡುತ್ತಿದ್ದಳು. ಅವ್ವ ಅಂಗಾಲು ಹಿಡಿದುಕೊಂಡೇ ನನ್ನ ಕಡೆ ನೋಡದೆ ಕೇಳಿದಳು.

"ಲೇ, ನೀನು ಎಲ್ಲಾದಕ್ಕೂ ಅಂದಾಜು ಹೇಳ್ತೀಯಲ್ಲ. ಬಾಗೂರಿನ ಆ ಕೋಣೆಗೆ ಎಷ್ಟು ಟನ್ನು ಬೇಕಾಗಿತ್ತು?"

ನಾನು ಆ ಕೋಣೆ ನೋಡಿಲ್ಲ, ಆ ಮನೆ ಬಿದ್ದು ಎಷ್ಟೋ ಕಾಲವಾಗಿದೆ. "ಎಷ್ಟು ದೊಡ್ಡದಿತ್ತವ್ವ?" ಎಂದೆ.

"ನಾನು ಕಾಲು ಚಾಚಿದ್ರೆ ಗೋಡೆ ಮುಟ್ಟತಿತ್ತು. ಮಾಡು ಗಿಡ್ಡ. ಪಕ್ಕಕ್ಕೇ ದನದ ಕೊಟ್ಟಿಗೆ."

ನನ್ನ ಕಣ್ಣು ತನ್ನ ಕೆಲಸ ಮುಗಿಸಿಬಿಟ್ಟಿತು. ಅಷ್ಟು ಚಿಕ್ಕ ಕೋಣೆ, ಪಕ್ಕದಲ್ಲಿ ದನಗಳ ಬಿಸಿಯುಸಿರು. ಅರ್ಧ ಟನ್ನೂ ಬೇಕಿರಲಿಲ್ಲ. ಒಂದು ಬಾಂಡ್ಲಿ ಕೆಂಡವೇ ಸಾಕಾಗಿತ್ತು.

"ಎರಡು ಟನ್ ಹಾಕಿದ್ರೂ ಸಾಲ್ತಿರಲಿಲ್ಲವ್ವ" ಎಂದೆ. ನನ್ನ ಬಾಯಿ ಕಣ್ಣಿಗಿಂತ ಹೆಚ್ಚು ಹೇಳಿದ್ದು ಅದೇ ಮೊದಲು.

"ಎರಡೂ ಸಾಲ್ತಿರಲಿಲ್ವಾ?"

"ಇಲ್ಲವ್ವ. ಆ ಜಡಿಗೆ ಯಾವುದೂ ಸಾಲ್ತಿರಲಿಲ್ಲ."

"ಹಂಗಾದ್ರೆ ಒಂದು ಬಾಂಡ್ಲಿ ಕೆಂಡ ಏನು ಮಾಡ್ತಿತ್ತು, ಪಾಪ" ಎಂದಳು. ಆಮೇಲೆ ಗೋಡೆಗೆ ಒರಗಿದಳು. ಹಾಗೆ ಒರಗಿದವಳು, ಮಗುವಿನ ಅಂಗಾಲು ಕೈಯಲ್ಲಿರುವಾಗಲೇ, ನಿದ್ದೆ ಹೋದಳು.